ಜ್ವರಕ್ಕೆ ಯಾವ ಟೆಸ್ಟು, ಕಚ್ಚಿದರೆ ಯಾವ ಇಂಜೆಕ್ಷನ್ನು: ಮಲೆನಾಡಿನವರಿಗೆ ಆಂಟಿಬಾಡಿ ಹೋಲಿಕೆ

ಜ್ವರ ಅಂತ ಲ್ಯಾಬಿಗೆ ಬರುವವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: "ಎಲ್ಲಾ ಟೆಸ್ಟೂ ಒಟ್ಟಿಗೆ ಮಾಡಿಬಿಡಿ ಮಾರಾಯ್ರೆ, ಪದೇ ಪದೇ ಬರೋಕಾಗಲ್ಲ." ಹೊಸನಗರದ ಒಳಗಿನ ಊರಿಂದಲೋ ಶರಾವತಿ ಹಿನ್ನೀರಿನ ಆಚೆಯಿಂದಲೋ ಬಸ್ಸು ಹಿಡಿದು ಬಂದವರ ಕಷ್ಟ ಅರ್ಥವಾಗುತ್ತದೆ. ಆದರೂ ರಕ್ತ ತೆಗೆಯುವ ಮೊದಲು ನಾನು ಕೇಳುವುದು ಇದನ್ನು: ಜ್ವರ ಶುರುವಾಗಿ ಇವತ್ತಿಗೆ ಎಷ್ಟನೇ ದಿನ? ಇದು ಗೊತ್ತಿಲ್ಲದೆ ಮಾಡಿಸಿದ ಆಂಟಿಬಾಡಿ ಟೆಸ್ಟು ಎಷ್ಟೋ ಸಲ ದುಡ್ಡು ದಂಡ. ಅದಕ್ಕಿಂತ ಕೆಟ್ಟದ್ದು, ಅದು ಕೊಡುವ ಸುಳ್ಳು ಧೈರ್ಯ.

ಈ ಮಾರ್ಗದರ್ಶಿಯಲ್ಲಿ ಎರಡು ಭಾಗ ಇದೆ. ಆಂಟಿಬಾಡಿಯಿಂದ ಕಾಯಿಲೆ ಕಂಡುಹಿಡಿಯುವುದು ಒಂದು. ಆಂಟಿಬಾಡಿಯನ್ನೇ ಔಷಧಿಯಾಗಿ ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ಕೇಳಬೇಕಾದ ಪ್ರಶ್ನೆ "ಎಷ್ಟನೇ ದಿನ". ಎರಡನೆಯದರಲ್ಲಿ "ಯಾವುದರ ವಿರುದ್ಧ". ಔಷಧಿ ಯಾವುದು ಅಂತ ತೀರ್ಮಾನಿಸುವುದು ಡಾಕ್ಟರೇ. ಆದರೆ ಅವರೆದುರು ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಅಂತ ನಮಗೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಟೆಸ್ಟು ಹುಡುಕುವುದು ಏನನ್ನು?

ರೋಗಾಣು ಮೈಯೊಳಗೆ ಬಂದರೆ ಅದನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನನ್ನು ನಮ್ಮ ಬಿಳಿ ರಕ್ತಕಣಗಳು ತಯಾರಿಸುತ್ತವೆ. ಅದೇ ಆಂಟಿಬಾಡಿ, ಪುಸ್ತಕದ ಭಾಷೆಯಲ್ಲಿ ಪ್ರತಿಕಾಯ. ಮೊದಲು ಬರುವುದು ಐಜಿಎಂ. ಸಾಮಾನ್ಯವಾಗಿ ಜ್ವರದ ನಾಲ್ಕೈದನೇ ದಿನದಿಂದ ಅದು ರಕ್ತದಲ್ಲಿ ಸಿಗತೊಡಗುತ್ತದೆ. ಆಮೇಲೆ ಬರುವುದು ಐಜಿಜಿ. ಅದು ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಐಜಿಎಂ ಸಿಕ್ಕರೆ "ಇತ್ತೀಚೆಗೆ ಬಂದಿದೆ" ಅಂತ ಲೆಕ್ಕ. ಐಜಿಜಿ ಒಂದೇ ಸಿಕ್ಕರೆ "ಯಾವತ್ತೋ ಬಂದು ಹೋಗಿರಬಹುದು" ಅಂತ ಲೆಕ್ಕ.

ಜ್ವರದ ಟೆಸ್ಟುಗಳನ್ನು ಮೂರು ಗುಂಪು ಮಾಡಿಕೊಂಡರೆ ಗೊಂದಲ ಕಡಿಮೆ. ಪಿಸಿಆರ್ ಹುಡುಕುವುದು ರೋಗಾಣುವಿನ ಜೀನನ್ನು. ಆಂಟಿಜೆನ್ ಟೆಸ್ಟ್ ಹುಡುಕುವುದು ರೋಗಾಣುವಿನ ಒಂದು ತುಣುಕನ್ನು. ಆಂಟಿಬಾಡಿ ಟೆಸ್ಟ್ ಹುಡುಕುವುದು ರೋಗಾಣುವನ್ನಲ್ಲ, ಅದಕ್ಕೆ ನಮ್ಮ ಮೈ ಕೊಟ್ಟ ಉತ್ತರವನ್ನು. ಮೊದಲೆರಡು ಜ್ವರದ ಶುರುವಿನಲ್ಲಿ ಕೆಲಸಕ್ಕೆ ಬರುತ್ತವೆ. ಮೂರನೆಯದಕ್ಕೆ ಕಾಯಬೇಕು. ಎರಡನೇ ದಿನ ಐಜಿಎಂ ನೆಗೆಟಿವ್ ಬಂತು ಅಂದರೆ ಕಾಯಿಲೆ ಇಲ್ಲ ಅಂತಲ್ಲ, ಮೈ ಇನ್ನೂ ಉತ್ತರ ಕೊಟ್ಟಿಲ್ಲ ಅಂತ ಅಷ್ಟೇ.

ಆಂಟಿಜೆನ್ ಟೆಸ್ಟಿನ ಕಾರ್ಡಿನಲ್ಲೂ ಆಂಟಿಬಾಡಿ ಇರುತ್ತದೆ, ಆದರೆ ಅದು ನಮ್ಮದಲ್ಲ. ಕಾರ್ಖಾನೆಯಲ್ಲಿ ತಯಾರಿಸಿ ಪಟ್ಟಿಯ ಮೇಲೆ ಗೆರೆ ಹಾಕಿಟ್ಟದ್ದು. ಒಂದೇ ಗುರಿಗೆ ಅಂಟುವ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಎಂಬ ವಿಜ್ಞಾನಿಗಳು 1975ರಲ್ಲಿ ಕಂಡುಹಿಡಿದರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಇವಕ್ಕೆ ಮಾನೋಕ್ಲೋನಲ್ ಆಂಟಿಬಾಡಿ ಅಂತ ಹೆಸರು. ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ರೆಗ್ನೆನ್ಸಿ ಕಾರ್ಡು, ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಮಲೇರಿಯಾ ಕಾರ್ಡು ಎರಡೂ ಕೆಲಸ ಮಾಡುವುದು ಇದರ ಮೇಲೆಯೇ.

ಮಂಗನ ಕಾಯಿಲೆಯೋ ಡೆಂಗ್ಯೂನೋ?

ನಮ್ಮ ಕಡೆ ಮೊದಲ ಮೂರು ದಿನ ಎಲ್ಲ ಜ್ವರವೂ ಒಂದೇ ಥರ ಇರುತ್ತದೆ. ತಲೆ ಸಿಡಿಯುತ್ತದೆ, ಮೈಕೈ ನೋವು, ಊಟ ಸೇರುವುದಿಲ್ಲ. ಹಾಗಾಗಿ ಟೆಸ್ಟಿಗಿಂತ ಮೊದಲು ತಿಂಗಳು ನೋಡಬೇಕು, ಕೆಲಸ ನೋಡಬೇಕು.

ಮಂಗನ ಕಾಯಿಲೆ ಅಥವಾ ಕೆಎಫ್‌ಡಿ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ. ದರಗು ಗುಡಿಸೋಕೆ, ಸೊಪ್ಪು ಕಡಿಯೋಕೆ, ದನ ಹುಡುಕೋಕೆ ಕಾಡಿಗೆ ಹೋದವರಿಗೆ, ಮಂಗ ಸತ್ತ ಜಾಗದ ಸುತ್ತ ಓಡಾಡಿದವರಿಗೆ ಬರುವುದು ಜಾಸ್ತಿ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದಂತೆ ಜೋರು ಜ್ವರ. ಡೆಂಗ್ಯೂ ಹಾಗಲ್ಲ. ಅದು ಸೊಳ್ಳೆಯ ಕಾಯಿಲೆ, ಮಳೆ ಹಿಡಿದ ಮೇಲೆ ಏರುತ್ತದೆ, ಕಾಡಿಗಿಂತ ಪೇಟೆಯಲ್ಲಿ ಜಾಸ್ತಿ.

ಮಂಗನ ಕಾಯಿಲೆಗೆ ಮೊದಲ ವಾರದಲ್ಲಿ ಪಿಸಿಆರ್ ಒಳ್ಳೆಯದು. ವೈರಸ್ ರಕ್ತದಲ್ಲಿ ಚೆನ್ನಾಗಿ ಸಿಗುವ ಕಾಲ ಅದು. ಐದು ದಿನ ದಾಟಿದ ಮೇಲೆ ಐಜಿಎಂ ಎಲಿಸಾ, ಅಂದರೆ ಲ್ಯಾಬಿನ ಯಂತ್ರದಲ್ಲಿ ಐಜಿಎಂ ಹುಡುಕುವ ಟೆಸ್ಟು ಕೂಡ ಬೇಕು. ಇವೆರಡೂ ಪೇಟೆಯ ಖಾಸಗಿ ಲ್ಯಾಬಿನಲ್ಲಿ ಸುಮ್ನೆ ಕೇಳಿ ಮಾಡಿಸುವ ಟೆಸ್ಟುಗಳಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು, ತಂಪಿನ ಡಬ್ಬಿಯಲ್ಲಿಟ್ಟು, ಶಿವಮೊಗ್ಗದ ವಿಡಿಎಲ್ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಹಾಗಾಗಿ ಡಿಸೆಂಬರ್ ಆದಮೇಲೆ ಕಾಡಂಚಿನ ಊರಿನವರಿಗೆ ಜ್ವರ ಬಂದರೆ ನನ್ನ ಸಲಹೆ ಇಷ್ಟು. ಪೇಟೆಗೆ ಓಡುವ ಮೊದಲು ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದು ಯಾವತ್ತು ಅಂತ ಹೇಳಿ, ಕೆಎಫ್‌ಡಿಗೆ ರಕ್ತ ಕೊಡಿ. ಪೇಟೆಯಲ್ಲಿ ಡೆಂಗ್ಯೂ ಕಾರ್ಡು ಮಾಡಿಸಿ "ಡೆಂಗ್ಯೂ ಇಲ್ಲವಂತೆ" ಅಂತ ನಿಶ್ಚಿಂತೆಯಿಂದ ವಾಪಸ್ ಹೋದವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಕಾರ್ಡಿಗೆ ಮಂಗನ ಕಾಯಿಲೆಯ ಪ್ರಶ್ನೆಯನ್ನೇ ಯಾರೂ ಕೇಳಿಲ್ಲ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಹಬ್ಬಿದ್ದನ್ನು ನೋಡಿದವರಿಗೆ ಒಂದೊಂದು ದಿನದ ಬೆಲೆ ಗೊತ್ತಿದೆ.

ಜ್ವರ ಬಿಟ್ಟಿತು ಅಂತ ಮೈಮರೆಯುವ ಹಾಗೂ ಇಲ್ಲ. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಜ್ವರ ಬರುತ್ತದೆ. ಆಗ ತಲೆಸುತ್ತು, ಮಂಪರು, ಕೈ ನಡುಕ ಕಾಣಿಸಬಹುದು. ಆ ಹೊತ್ತಿಗೆ ಪಿಸಿಆರ್‌ನಲ್ಲಿ ವೈರಸ್ ಸಿಗದೇ ಹೋಗಬಹುದು. ಆಗ ಉತ್ತರ ಕೊಡುವುದು ಐಜಿಎಂ.

ಡೆಂಗ್ಯೂಗೆ ಬಂದರೆ, ಒಂದರಿಂದ ಐದನೇ ದಿನದವರೆಗೆ ಎನ್‌ಎಸ್1 ಆಂಟಿಜೆನ್, ಅಂದರೆ ಡೆಂಗ್ಯೂ ವೈರಸ್ಸಿನ ತುಣುಕು ಹುಡುಕುವ ಟೆಸ್ಟು. ಐದನೇ ದಿನದಿಂದ ಮುಂದೆ ಐಜಿಎಂ. ನಾಲ್ಕೈದನೇ ದಿನ ಗಡಿಯಲ್ಲಿದ್ದರೆ ಎರಡೂ ಮಾಡಿಸಬಹುದು. ಮೊದಲೊಮ್ಮೆ ಡೆಂಗ್ಯೂ ಬಂದವರಿಗೆ ಮತ್ತೆ ಬಂದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಎನ್‌ಎಸ್1 ಬೇಗ ಮಾಯವಾಗುತ್ತದೆ, ಐಜಿಎಂ ಕಡಿಮೆ ಇರಬಹುದು, ಐಜಿಜಿ ಮಾತ್ರ ಜೋರಾಗಿ ಏರುತ್ತದೆ. ಆದ್ದರಿಂದ ಹಿಂದೆ ಬಂದಿತ್ತಾ ಅನ್ನುವುದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಕಾರ್ಡೋ ಎಲಿಸಾನೋ? ಕಾರ್ಡು ಇಪ್ಪತ್ತು ನಿಮಿಷದಲ್ಲಿ ಉತ್ತರ ಕೊಡುತ್ತದೆ. ಎಲಿಸಾಗೆ ಯಂತ್ರ ಬೇಕು, ಕೆಲವು ಗಂಟೆ ಬೇಕು. ಆದರೆ ಎಲಿಸಾ ಜಾಸ್ತಿ ನಂಬಿಕಸ್ಥ. ಸರ್ಕಾರದ ಲೆಕ್ಕದಲ್ಲಿ ಡೆಂಗ್ಯೂ ಖಚಿತ ಅಂತ ಬರೆಯುವುದು ಎಲಿಸಾ ಪಾಸಿಟಿವ್ ಬಂದಾಗಲೇ, ಕಾರ್ಡಿನ ಮೇಲೆ ಅಲ್ಲ. ದುಡ್ಡಿನಲ್ಲೂ ಈಗ ದೊಡ್ಡ ವ್ಯತ್ಯಾಸ ಇಲ್ಲ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿಯವರಿಗೆ ದರ ಕಟ್ಟಿತು. ಎನ್‌ಎಸ್1 ಎಲಿಸಾಗೆ 300 ರೂಪಾಯಿ, ಐಜಿಎಂ ಎಲಿಸಾಗೆ 300, ಕಾರ್ಡಿಗೆ 250. ಐವತ್ತು ರೂಪಾಯಿ ಜಾಸ್ತಿ ಕೊಟ್ಟು ಎಲಿಸಾ ಸಿಗುವುದಾದರೆ ನಾನು ಅದನ್ನೇ ಮಾಡಿಸುತ್ತೇನೆ. ಎಲಿಸಾ ಇಲ್ಲದ ಊರಿನಲ್ಲಿ ಕಾರ್ಡು ಸಾಕು. ಆದರೆ ನೆಗೆಟಿವ್ ಬಂದರೆ ಅದನ್ನೇ ಕೊನೆ ಮಾತು ಅಂದುಕೊಳ್ಳಬೇಡಿ.

ಕಾರ್ಡು ಓದುವುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಎಷ್ಟೋ ಜಗಳ ಇಲ್ಲೇ ಹುಟ್ಟುತ್ತದೆ. ಕಿಟಕಿಯಲ್ಲಿ ಸಿ ಅಕ್ಷರದ ಎದುರು ಗೆರೆ ಬರಲೇಬೇಕು. ಅದು ಬರದಿದ್ದರೆ ಕಾರ್ಡೇ ಕೆಟ್ಟಿದೆ, ಬೇರೆ ಕಾರ್ಡಿನಲ್ಲಿ ಮಾಡಬೇಕು. ಸಿ ಜೊತೆಗೆ ಟೆಸ್ಟ್ ಗೆರೆ ಎಷ್ಟೇ ತೆಳುವಾಗಿ ಬಂದರೂ, ಹೇಳಿದ ಸಮಯದೊಳಗೆ ಬಂದಿದ್ದರೆ ಅದು ಪಾಸಿಟಿವ್. ಆದರೆ ಸಮಯ ಮುಗಿದ ಮೇಲೆ, ಅರ್ಧ ಗಂಟೆ, ಒಂದು ಗಂಟೆ ಬಿಟ್ಟು ಮೂಡುವ ಗೆರೆ ಲೆಕ್ಕಕ್ಕಿಲ್ಲ. ರಕ್ತ ಒಣಗುವಾಗ ಅಂಥ ಗೆರೆ ಮೂಡುತ್ತದೆ. ಸಂಜೆ ಕಸದ ಬುಟ್ಟಿಯಿಂದ ಕಾರ್ಡು ತೆಗೆದು ನೋಡಿ ಗಾಬರಿ ಬೀಳುವುದು ಬೇಡ.

ಇನ್ನೊಂದು ಗಾಬರಿ ಐಜಿಜಿಯದು. ಮೂರು ಗೆರೆಯ ಕಾರ್ಡಿನಲ್ಲಿ ಐಜಿಜಿ ಒಂದೇ ಪಾಸಿಟಿವ್ ಬಂದರೆ "ಡೆಂಗ್ಯೂ ಬಂದಿದೆ" ಅಂತ ಊರೆಲ್ಲ ಸುದ್ದಿ. ಹೆಚ್ಚಿನ ಸಲ ಅದು ಹಳೆಯ ಗುರುತು. ಡೆಂಗ್ಯೂ, ಮಂಗನ ಕಾಯಿಲೆ, ಜಪಾನೀಸ್ ಮಿದುಳು ಜ್ವರ ಇವೆಲ್ಲ ಒಂದೇ ವಂಶದ ವೈರಸ್‌ಗಳು. ಈ ವಂಶದಲ್ಲಿ ಒಂದರ ಆಂಟಿಬಾಡಿ ಇನ್ನೊಂದರ ಟೆಸ್ಟಿನಲ್ಲೂ ಅಂಟಿಕೊಳ್ಳುವುದುಂಟು.

ಪಾಸಿಟಿವ್ ಒಮ್ಮೆ ಬಂದ ಮೇಲೆ ಅದೇ ಟೆಸ್ಟನ್ನು ದಿನಾ ಮಾಡಿಸಬೇಡಿ. ಐಜಿಎಂ ತಿಂಗಳುಗಟ್ಟಲೆ ಇರುತ್ತದೆ, "ನೆಗೆಟಿವ್ ಆಯ್ತಾ" ಅಂತ ನೋಡುವುದರಲ್ಲಿ ಅರ್ಥ ಇಲ್ಲ. ಆ ದುಡ್ಡನ್ನು ರಕ್ತದ ಕಣಗಳ ಲೆಕ್ಕಕ್ಕೆ, ಅಂದರೆ ಪ್ಲೇಟ್‌ಲೆಟ್ ಮತ್ತು ಹೆಮಟೋಕ್ರಿಟ್‌ಗೆ ಇಟ್ಟುಕೊಳ್ಳಿ. ಅಪಾಯ ತೋರಿಸುವುದು ಅವು. ಡೆಂಗ್ಯೂ ಆಗಲಿ ಮಂಗನ ಕಾಯಿಲೆಯಾಗಲಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಬ್ರೂಫೆನ್ ಥರದ ಮಾತ್ರೆ ನುಂಗಬೇಡಿ. ರಕ್ತಸ್ರಾವ ಹೆಚ್ಚುತ್ತದೆ.

ಇಲಿ ಜ್ವರ, ಸ್ಕ್ರಬ್ ಟೈಫಸ್, ಟೈಫಾಯ್ಡ್

ಮೇಲಿನ ಎರಡಕ್ಕೂ ವೈರಸ್ ಕೊಲ್ಲುವ ಔಷಧಿ ಇಲ್ಲ. ಈ ಮೂರಕ್ಕೆ ಇದೆ, ಅಗ್ಗದ ಆಂಟಿಬಯಾಟಿಕ್. ಅದಕ್ಕೇ ಇಲ್ಲಿ ಲೆಕ್ಕಾಚಾರ ಬೇರೆ.

ಇಲಿ ಜ್ವರ ನಾಟಿ ಗದ್ದೆಯಲ್ಲಿ ನಿಂತವರಿಗೆ, ಕೊಟ್ಟಿಗೆ ಗೊಬ್ಬರ ಹೊತ್ತವರಿಗೆ, ಕಾಲಿನಲ್ಲಿ ಗಾಯವಿದ್ದು ಕೆಸರು ನೀರು ತುಳಿದವರಿಗೆ ಬರುತ್ತದೆ. ಮೀನಖಂಡ ಹಿಂಡುವಂಥ ನೋವು, ಕಣ್ಣು ಕೆಂಪು, ಕೆಲವರಿಗೆ ಕಾಮಾಲೆ. ಐಜಿಎಂ ಎಲಿಸಾ ಐದಾರು ದಿನ ಆದಮೇಲೆ ಮಾಡಿಸಿದರೆ ಮಾತ್ರ ನಂಬಬಹುದು. ಆದರೆ ಔಷಧಿ ಕೆಲಸ ಮಾಡುವುದು ಬೇಗ ಶುರು ಮಾಡಿದಷ್ಟೂ ಚೆನ್ನಾಗಿ. ಹಾಗಾಗಿ ಅನುಮಾನ ಬಲವಾಗಿದ್ದರೆ ಡಾಕ್ಟರು ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ. "ಟೆಸ್ಟೇ ಬಂದಿಲ್ಲ, ಮಾತ್ರೆ ಎಂತಕ್ಕೆ?" ಅಂತ ತಕರಾರು ಮಾಡಬೇಡಿ. ಅವರು ಮಾಡುತ್ತಿರುವುದು ಸರಿ.

ಸ್ಕ್ರಬ್ ಟೈಫಸ್‌ಗೂ ಇದೇ ಮಾತು. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿ ಬರುವ ಕಾಯಿಲೆ ಇದು. ಇಲ್ಲಿ ಯಾವ ಟೆಸ್ಟಿಗಿಂತಲೂ ಬೇಗ ಸಿಗುವ ಗುರುತು ಒಂದಿದೆ: ಕಚ್ಚಿದ ಜಾಗದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ, ಸುತ್ತ ಕೆಂಪು. ಕಂಕುಳು, ತೊಡೆಸಂದು, ಎದೆಯ ಕೆಳಗೆ, ಸೊಂಟಪಟ್ಟಿಯ ಜಾಗದಲ್ಲಿ ಅಡಗಿರುತ್ತದೆ. ನಾಚಿಕೆಯಿಂದ ಯಾರೂ ತೋರಿಸುವುದಿಲ್ಲ, ಗಡಿಬಿಡಿಯಲ್ಲಿ ಯಾರೂ ನೋಡುವುದಿಲ್ಲ. ಮನೆಯಲ್ಲೇ ನೋಡಿಕೊಂಡು ಹೋಗಿ ಹೇಳಿ. ಟೆಸ್ಟಿನಲ್ಲಿ ಆಯ್ಕೆ ಇದ್ದರೆ ಐಜಿಎಂ ಎಲಿಸಾ ಮಾಡಿಸಿ. ಹಳೇ ವೀಲ್-ಫೆಲಿಕ್ಸ್ ಟೆಸ್ಟಿನಲ್ಲಿ ಎಷ್ಟೋ ಕೇಸು ತಪ್ಪಿಹೋಗುತ್ತವೆ.

ಟೈಫಾಯ್ಡ್ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಟೈಫಾಯ್ಡಿನ ಆಂಟಿಬಾಡಿ ಹುಡುಕುವ ವೈಡಾಲ್ ಟೆಸ್ಟು 1896ರ ಕಾಲದ್ದು. ನಮ್ಮಂಥ ಕಡೆ ಟೈಫಾಯ್ಡ್ ರೋಗಾಣು ಆಗಾಗ ಮೈ ಹೊಕ್ಕು ಹೋಗಿರುತ್ತದೆ, ಆರೋಗ್ಯವಂತರಲ್ಲೂ ಅದರ ಆಂಟಿಬಾಡಿ ಸ್ವಲ್ಪ ಇರುತ್ತದೆ. ಹಾಗಾಗಿ 1:80 ಅಂತ (ಎಂಬತ್ತು ಪಟ್ಟು ತೆಳು ಮಾಡಿದರೂ ಆಂಟಿಬಾಡಿ ಸಿಕ್ಕಿತು ಅಂತ) ಒಂದು ಸಲ ಬಂದದ್ದಕ್ಕೆ ಬೆಲೆ ಕಡಿಮೆ. ವಾರ ಹತ್ತು ದಿನ ಬಿಟ್ಟು ಮತ್ತೆ ಮಾಡಿ, ನಾಲ್ಕು ಪಟ್ಟು ಏರಿದ್ದರೆ ಅದಕ್ಕೆ ಅರ್ಥ ಇದೆ. ಹಾಗೆ ಎರಡನೇ ಸಲ ಯಾರು ಮಾಡಿಸುತ್ತಾರೆ? ಮೂರನೇ ದಿನದ ಜ್ವರಕ್ಕೆ ವೈಡಾಲ್ ಮಾಡಿ, ಮಸುಕಾದ ಪಾಸಿಟಿವ್ ನೋಡಿ, ಹದಿನಾಲ್ಕು ದಿನ ಆಂಟಿಬಯಾಟಿಕ್ ನುಂಗುವವರು ಪ್ರತಿ ಮಳೆಗಾಲವೂ ಸಿಗುತ್ತಾರೆ. ನಿಜವಾದ ಕಾಯಿಲೆ ಬೇರೆಯೇ ಇರುತ್ತದೆ. ಟೈಫಾಯ್ಡ್ ಅನುಮಾನ ಇದ್ದರೆ ಮೊದಲ ವಾರದಲ್ಲಿ, ಆಂಟಿಬಯಾಟಿಕ್ ಶುರು ಮಾಡುವ ಮೊದಲು, ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ ಮಾಡಿಸಿ. ರಕ್ತ ಜಾಸ್ತಿ ಬೇಕು, ದೊಡ್ಡವರಿಗೆ ಹತ್ತು ಎಂಎಲ್‌ನಷ್ಟು. ಉತ್ತರಕ್ಕೆ ಎರಡರಿಂದ ಐದು ದಿನ ಬೇಕು. ಆದರೆ ಯಾವ ಔಷಧಿ ನಾಟುತ್ತದೆ ಅನ್ನುವುದನ್ನೂ ಅದು ಹೇಳುತ್ತದೆ. ವೈಡಾಲ್ ಅದನ್ನು ಹೇಳುವುದೇ ಇಲ್ಲ.

ಔಷಧಿಯಾಗಿ ಆಂಟಿಬಾಡಿ: ಲಸಿಕೆಗೂ ಇದಕ್ಕೂ ವ್ಯತ್ಯಾಸ

ಲಸಿಕೆ ಅಂದರೆ ಗದ್ದೆಗೆ ಬೀಜ ಬಿತ್ತಿದ ಹಾಗೆ. ಬೆಳೆ ಬರಲು ಸಮಯ ಬೇಕು, ಆದರೆ ಬೀಜ ಮನೆಯಲ್ಲೇ ಉಳಿಯುತ್ತದೆ. ಸಿದ್ಧ ಆಂಟಿಬಾಡಿ ಅಂದರೆ ಅಂಗಡಿಯಿಂದ ಅಕ್ಕಿ ತಂದ ಹಾಗೆ. ಇವತ್ತೇ ಅನ್ನ ಆಗುತ್ತದೆ, ಚೀಲ ಖಾಲಿಯಾದರೆ ಮುಗಿಯಿತು. ಪ್ರಾಣಿಯ ಮೈಯಲ್ಲಿ ತಯಾರಾದ ಆಂಟಿಬಾಡಿಯಿಂದ ಇನ್ನೊಂದು ಜೀವ ಉಳಿಸಬಹುದು ಅಂತ 1890ರಲ್ಲಿ ತೋರಿಸಿದವರು ಬೇರಿಂಗ್ ಮತ್ತು ಕಿಟಸಾಟೊ. ಗಂಟಲಮಾರಿಗೆ ಇದೇ ದಾರಿಯಲ್ಲಿ ಮದ್ದು ಕಂಡದ್ದಕ್ಕೆ ಬೇರಿಂಗ್‌ಗೆ 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬಂತು.

ಮಂಗನ ಕಾಯಿಲೆಗೆ ಸದ್ಯ ಎರಡೂ ಇಲ್ಲ. ವರ್ಷಗಟ್ಟಲೆ ಕೊಡುತ್ತಿದ್ದ ಹಳೇ ಲಸಿಕೆ 2022ರಲ್ಲಿ ನಿಂತಿತು. ಸಿದ್ಧ ಆಂಟಿಬಾಡಿಯ ಔಷಧಿ ಬಂದಿಲ್ಲ. ಉಣುಗು ಕಚ್ಚದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುವುದೇ ಈಗಿನ ರಕ್ಷಣೆ. ಆದರೆ ಹಾವು ಮತ್ತು ನಾಯಿ ಕಡಿತಕ್ಕೆ ನಮ್ಮ ಕೈಯಲ್ಲಿ ಒಳ್ಳೆಯ ಆಂಟಿಬಾಡಿಗಳಿವೆ.

ಹಾವು ಕಡಿದರೆ

ನಮ್ಮ ದೇಶದಲ್ಲಿ ಸಿಗುವ ಆಂಟಿವೆನಮ್ ಒಂದೇ ಬಗೆಯದು. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅದರ ರಕ್ತದಿಂದ ತೆಗೆದ ಆಂಟಿಬಾಡಿ. ಅದು ನಾಲ್ಕು ಹಾವುಗಳ ವಿಷಕ್ಕೆ ಮಾತ್ರ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಅಂಗಡಿಯಲ್ಲಿ ಆರಿಸಿಕೊಳ್ಳುವ ಪ್ರಶ್ನೆ ಇಲ್ಲಿಲ್ಲ. ಆರಿಸಬೇಕಾದದ್ದು ಆಸ್ಪತ್ರೆಯನ್ನು. ಹತ್ತಿರದ ಸರ್ಕಾರಿ ಆಸ್ಪತ್ರೆಯೋ, ದೂರದ ದೊಡ್ಡ ಆಸ್ಪತ್ರೆಯೋ? ಹತ್ತಿರದಲ್ಲಿ ಆಂಟಿವೆನಮ್ ಇದ್ದರೆ ಮೊದಲು ಅಲ್ಲಿಗೇ ಹೋಗಿ. ಮೊದಲ ಡೋಸ್ ಅಲ್ಲಿ ಆಗಲಿ, ಶಿವಮೊಗ್ಗದ ಮೆಗ್ಗಾನ್‌ಗೋ ಘಟ್ಟ ಇಳಿದು ಮಣಿಪಾಲಕ್ಕೋ ಆಮೇಲೆ ಹೊರಡಬಹುದು. ಮಳೆಗಾಲದ ರಾತ್ರಿ ಆಗುಂಬೆ ಘಾಟಿ ಇಳಿಯುವ ಹೊತ್ತಿನಲ್ಲಿ ವಿಷ ಸುಮ್ಮನಿರುವುದಿಲ್ಲ. ನಾಟಿ ಔಷಧಿಯವರ ಮನೆಗೆ ಹೋಗಿ ಬರುವ ಸಮಯವೂ ಇಲ್ಲ. ಬೇರಿನಲ್ಲಿ ಈ ಆಂಟಿಬಾಡಿ ಇರುವುದಿಲ್ಲ.

ಕಡಿದ ಎಲ್ಲರಿಗೂ ಆಂಟಿವೆನಮ್ ಹಾಕುವುದಿಲ್ಲ. ವಿಷವಿಲ್ಲದ ಹಾವೂ ಕಚ್ಚುತ್ತದೆ, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ವಿಷ ಏರಿದೆಯಾ ಅಂತ ನೋಡಲು ಒಂದು ಸರಳ ಪರೀಕ್ಷೆ ಇದೆ. ಎರಡು ಎಂಎಲ್ ರಕ್ತವನ್ನು ಹೊಸ, ಒಣ ಗಾಜಿನ ಕೊಳವೆಗೆ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ಇಡಬೇಕು. ಆಮೇಲೆ ನಿಧಾನ ಓರೆ ಮಾಡಬೇಕು. ಹೆಪ್ಪುಗಟ್ಟಿದ್ದರೆ ರಕ್ತ ಕದಲುವುದಿಲ್ಲ. ನೀರಿನ ಹಾಗೆಯೇ ಹರಿದರೆ ಮಂಡಲದ ವಿಷ ಕೆಲಸ ಶುರು ಮಾಡಿದೆ ಅಂತ ಅರ್ಥ. ಪ್ಲಾಸ್ಟಿಕ್ ಕೊಳವೆ ಆಗುವುದಿಲ್ಲ, ಸೋಪಿನ ಪುಡಿಯಲ್ಲಿ ತೊಳೆದದ್ದೂ ಆಗುವುದಿಲ್ಲ. ಆ ಇಪ್ಪತ್ತು ನಿಮಿಷ "ಎಂತದೂ ಮಾಡ್ತಾ ಇಲ್ಲ ಇವ್ರು" ಅಂತ ಮನೆಯವರು ಕೂಗಾಡುತ್ತಾರೆ. ಅವರು ಕಾಯುತ್ತಿರುವುದು ಇದಕ್ಕೇ. ನಾಗರಹಾವು, ಕಟ್ಟುಹಾವಿನ ವಿಷ ನರಕ್ಕೆ ಹೋಗುತ್ತದೆ. ಅಲ್ಲಿ ಈ ಕೊಳವೆ ಏನೂ ಹೇಳುವುದಿಲ್ಲ, ರೆಪ್ಪೆ ಜೋತು ಬೀಳುತ್ತಿದೆಯಾ, ಮಾತು ತೊದಲುತ್ತಿದೆಯಾ ಅಂತ ನೋಡಬೇಕು. ಕಟ್ಟುಹಾವು ರಾತ್ರಿ ಮಲಗಿದವರನ್ನು ನೋವೇ ಗೊತ್ತಾಗದ ಹಾಗೆ ಕಚ್ಚುತ್ತದೆ, ಅದನ್ನು ಮರೆಯಬೇಡಿ.

ಡೋಸು ಸಾಮಾನ್ಯವಾಗಿ ಹತ್ತು ವೈಯಲ್‌ನಿಂದ (ಔಷಧಿಯ ಸಣ್ಣ ಬಾಟಲಿ) ಶುರು. ಮಕ್ಕಳಿಗೂ ಅಷ್ಟೇ. ಹಾವು ಬಿಟ್ಟ ವಿಷ ಮಗುವಿಗೆ ಅಂತ ಕಡಿಮೆ ಇರುವುದಿಲ್ಲ ಅಲ್ವಾ.

ಇನ್ನು ಮಲೆನಾಡಿನವರು ತಿಳಿದಿರಲೇಬೇಕಾದ ಮಾತು. ನಮ್ಮ ಅಡಿಕೆ ತೋಟ, ಕಾಫಿ ತೋಟದಲ್ಲಿರುವ ಗೂನುಮೂಗಿನ ಗುಳಿಮಂಡಲ, ಮಲಬಾರ್ ಗುಳಿಮಂಡಲಕ್ಕೆ ಈ ಆಂಟಿವೆನಮ್ ನಾಟುವುದಿಲ್ಲ. ಆ ನಾಲ್ಕರ ಪಟ್ಟಿಯಲ್ಲಿ ಅವಿಲ್ಲ. ಕಾಳಿಂಗ ಸರ್ಪವೂ ಇಲ್ಲ. ಅದರದೇ ಆಂಟಿವೆನಮ್ ಥಾಯ್ಲೆಂಡಿನಲ್ಲಿ ತಯಾರಾಗುತ್ತದೆ. ಗೂನುಮೂಗಿನದು ಕಚ್ಚಿದರೆ ಹೆಚ್ಚಿನವರಿಗೆ ಊತ, ನೋವು ಅಷ್ಟೇ. ಕೆಲವರಿಗೆ ಮಾತ್ರ ರಕ್ತ ಹೆಪ್ಪುಗಟ್ಟುವುದು ನಿಂತು, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಆಗ ಬೇಕಾದದ್ದು ಇನ್ನೂ ಹತ್ತು ವೈಯಲ್ ಅಲ್ಲ, ಡಯಾಲಿಸಿಸ್ ಇರುವ ಆಸ್ಪತ್ರೆ. ಹಾಗಾಗಿ ಹಾವಿನ ಬಣ್ಣ, ತಲೆಯ ಆಕಾರ, ಉದ್ದ ಗೊತ್ತಿದ್ದರೆ ಹೇಳಿ. ದೂರದಿಂದ ಫೋನಿನಲ್ಲಿ ಫೋಟೋ ಸಿಕ್ಕರೆ ಒಳ್ಳೆಯದು. ಹಿಡಿಯೋಕೆ, ಹೊಡೆಯೋಕೆ ಹೋಗಬೇಡಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ನಿಯಮ ಬಂದಿದೆ. ಎಲ್ಲಿ ಎಷ್ಟು ಆಂಟಿವೆನಮ್ ಬೇಕು ಅನ್ನುವ ಲೆಕ್ಕ ಇದರಿಂದಲಾದರೂ ಸರಿಯಾಗಲಿ ಅಂತ ನನ್ನ ಆಸೆ.

ನಾಯಿ ಕಚ್ಚಿದರೆ: ಮೂರು ಆಯ್ಕೆ

ಮೊದಲು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಇದಕ್ಕೆ ಆಯ್ಕೆಯೇ ಇಲ್ಲ. ರಕ್ತ ಬರದ ಸಣ್ಣ ತರಚಿದ್ದಕ್ಕೆ ಲಸಿಕೆ ಸಾಕು. ಹಲ್ಲು ನಾಟಿ ರಕ್ತ ಬಂದಿದ್ದರೆ, ಗಾಯದ ಮೇಲೆ ಜೊಲ್ಲು ಬಿದ್ದಿದ್ದರೆ ಲಸಿಕೆಯ ಜೊತೆಗೆ ಸಿದ್ಧ ಆಂಟಿಬಾಡಿಯೂ ಬೇಕು. ಲಸಿಕೆಯಿಂದ ನಮ್ಮದೇ ಆಂಟಿಬಾಡಿ ಬರಲು ಒಂದೆರಡು ವಾರ ಬೇಕು. ಆ ಮಧ್ಯದ ದಿನಗಳಲ್ಲಿ ಗಾಯದಲ್ಲೇ ರೇಬೀಸ್ ವೈರಸ್ಸನ್ನು ತಡೆಯುವುದು ಇದರ ಕೆಲಸ.

ಮೂರು ಬಗೆ ಸಿಗುತ್ತವೆ. ಕುದುರೆಯದು, ಕೆಜಿ ತೂಕಕ್ಕೆ 40 ಯೂನಿಟ್, ಬೆಲೆ ಕಡಿಮೆ. ಮನುಷ್ಯರ ರಕ್ತದಿಂದ ತೆಗೆದದ್ದು, ಕೆಜಿಗೆ 20 ಯೂನಿಟ್, ದುಬಾರಿ. ಇನ್ನೊಂದು ಮಾನೋಕ್ಲೋನಲ್, ಪ್ರಾಣಿಯ ರಕ್ತವೂ ಬೇಡ, ಮನುಷ್ಯರ ರಕ್ತವೂ ಬೇಡ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ರೇಬಿಶೀಲ್ಡ್ ಈ ಬಗೆಯದು, ಕೆಜಿಗೆ 3.33 ಯೂನಿಟ್. ಕಂಪನಿ ಬದಲಾದರೆ ಡೋಸೂ ಬದಲಾಗುತ್ತದೆ. ಕುದುರೆಯದಕ್ಕೆ ಅಲರ್ಜಿಯ ಸಾಧ್ಯತೆ ಸ್ವಲ್ಪ ಜಾಸ್ತಿ, ಆದರೆ ಈಗಿನದು ಚೆನ್ನಾಗಿ ಶುದ್ಧ ಮಾಡಿದ್ದು. ರಕ್ಷಣೆಯಲ್ಲಿ ಕುದುರೆಯದು ಮನುಷ್ಯರದ್ದಕ್ಕಿಂತ ಕಡಿಮೆ ಏನಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕುದುರೆಯದು ಇವತ್ತೇ ಸಿಗುತ್ತದೆ, ದುಬಾರಿಯದು ನಾಳೆ ಶಿವಮೊಗ್ಗದಿಂದ ಬರಬೇಕು ಅನ್ನುವುದಾದರೆ ಇವತ್ತಿನದನ್ನೇ ಹಾಕಿಸಿಕೊಳ್ಳಿ.

ಯಾವುದು ಅನ್ನುವುದಕ್ಕಿಂತ ಎಲ್ಲಿಗೆ ಹಾಕಿದರು ಅನ್ನುವುದು ಮುಖ್ಯ. ಗಾಯದ ಒಳಗೆ, ಸುತ್ತ ಹಾಕಬೇಕು. ನೋವಾಗುತ್ತದೆ, ಮಕ್ಕಳು ಕಿರುಚುತ್ತಾರೆ, ಆದರೂ ಅಲ್ಲೇ ಹಾಕಿಸಿ. ಬರೀ ಸೊಂಟಕ್ಕೆ ಕೊಟ್ಟರೆ ಗಾಯದಲ್ಲಿರುವ ವೈರಸ್‌ಗೆ ಅದು ಮುಟ್ಟುವುದಿಲ್ಲ. ಮೊದಲ ದಿನ ತಪ್ಪಿಹೋಗಿದ್ದರೆ, ಮೊದಲ ಲಸಿಕೆಯಿಂದ ಏಳು ದಿನದ ಒಳಗೆ ಹಾಕಿಸಬಹುದು. ಆಮೇಲೆ ಬೇಡ. ಹಿಂದೆ ರೇಬೀಸ್ ಲಸಿಕೆ ಪೂರ್ತಿ ತೆಗೆದುಕೊಂಡವರಿಗೆ ಸಿದ್ಧ ಆಂಟಿಬಾಡಿ ಬೇಕಿಲ್ಲ, ಲಸಿಕೆಯ ಎರಡು ಡೋಸ್ ಸಾಕು. ಅದಕ್ಕೇ ಹಳೇ ಚೀಟಿ ಎಸೆಯಬೇಡಿ.

ಕೀಲುನೋವು, ಕ್ಯಾನ್ಸರ್, ಬಸುರಿಯ ರಕ್ತದ ಗುಂಪು

ಸಂಧಿವಾತದ ಅನುಮಾನಕ್ಕೆ ಆರ್‌ಎ ಫ್ಯಾಕ್ಟರ್ ಮತ್ತು ಆಂಟಿ-ಸಿಸಿಪಿ ಎಂಬ ಎರಡು ಆಂಟಿಬಾಡಿ ಟೆಸ್ಟುಗಳಲ್ಲಿ ಒಂದನ್ನೇ ಮಾಡಿಸುವುದಾದರೆ ಆಂಟಿ-ಸಿಸಿಪಿ ಮೇಲು. ಆರ್‌ಎ ಫ್ಯಾಕ್ಟರ್ ವಯಸ್ಸಾದವರಲ್ಲಿ, ಬೇರೆ ಸೋಂಕುಗಳಲ್ಲಿಯೂ ಪಾಸಿಟಿವ್ ಬರುತ್ತದೆ. ಮಾತ್ರೆಗೆ ಬಗ್ಗದ ಸಂಧಿವಾತಕ್ಕೆ ಕೊಡುವ ಅಡಾಲಿಮುಮ್ಯಾಬ್ ಥರದ ಇಂಜೆಕ್ಷನ್ನೂ ಮಾನೋಕ್ಲೋನಲ್ ಆಂಟಿಬಾಡಿಯೇ. ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ತಪ್ಪದೆ ಆಗಬೇಕು. ಮೈಯಲ್ಲಿ ಅಡಗಿ ಕೂತ ಟಿಬಿ ಇದರಿಂದ ಎದ್ದು ಬರಬಹುದು.

ಸ್ತನ ಕ್ಯಾನ್ಸರಿನಲ್ಲಿ ಹರ್2 (ಕ್ಯಾನ್ಸರ್ ಕಣದ ಮೇಲಿನ ಒಂದು ಪ್ರೋಟೀನು) ಪರೀಕ್ಷೆಯ ಉತ್ತರ 3+ ಬಂದರೆ ಟ್ರಾಸ್ಟುಜುಮ್ಯಾಬ್ ಎಂಬ ಮಾನೋಕ್ಲೋನಲ್ ಆಂಟಿಬಾಡಿ ಕೆಲಸ ಮಾಡುತ್ತದೆ. 2+ ಬಂದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಟ್ರಾಸ್ಟುಜುಮ್ಯಾಬಿನ ಬಯೋಸಿಮಿಲರ್, ಅಂದರೆ ಅದೇ ಥರ ಕೆಲಸ ಮಾಡುವ ಬೇರೆ ಕಂಪನಿಯ ಔಷಧಿ ತಂದಿತು. ಡಾಕ್ಟರು ಒಪ್ಪಿದರೆ ಬಯೋಸಿಮಿಲರ್ ಬಗ್ಗೆ ಹಿಂಜರಿಕೆ ಬೇಡ.

ಬಸುರಿಯ ರಕ್ತ ನೆಗೆಟಿವ್ ಗುಂಪು, ಗಂಡನದು ಪಾಸಿಟಿವ್ ಆದರೆ ಐಸಿಟಿ ಎಂಬ ಆಂಟಿಬಾಡಿ ಟೆಸ್ಟು ಮಾಡಿಸಬೇಕು. ಅದು ನೆಗೆಟಿವ್ ಇದ್ದರೆ 28ನೇ ವಾರಕ್ಕೊಂದು ಆಂಟಿ-ಡಿ ಇಂಜೆಕ್ಷನ್. ಮಗು ಪಾಸಿಟಿವ್ ಗುಂಪಿನದಾದರೆ ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಂದು. ಗರ್ಭ ಇಳಿದು ಹೋದರೂ ಆಂಟಿ-ಡಿ ಬೇಕಾ ಅಂತ ಕೇಳಲೇಬೇಕು. ಮಗುವಿನ ರಕ್ತದ ವಿರುದ್ಧ ತಾಯಿಯ ಮೈಯಲ್ಲಿ ಆಂಟಿಬಾಡಿ ಹುಟ್ಟದ ಹಾಗೆ ತಡೆಯುವುದು ಇದರ ಕೆಲಸ. ಆ ಆಂಟಿಬಾಡಿ ಆಗಲೇ ಹುಟ್ಟಿಬಿಟ್ಟಿದ್ದರೆ ಇದು ಏನೂ ಮಾಡುವುದಿಲ್ಲ.

ಒಂದು ವಿಷಯ ಲ್ಯಾಬಿನವರಿಗೆ ಹೇಳಲೇಬೇಕು. 28ನೇ ವಾರದ ಆಂಟಿ-ಡಿ ಆದಮೇಲೆ ಐಸಿಟಿ ಮಾಡಿದರೆ ಪಾಸಿಟಿವ್ ಬರಬಹುದು. ಅಲ್ಲಿ ಕಾಣುತ್ತಿರುವುದು ಇಂಜೆಕ್ಷನ್ನಿನ ಆಂಟಿಬಾಡಿ, ತಾಯಿಯದಲ್ಲ. ಹಾಗೆಯೇ ಕುದುರೆಯ ಆಂಟಿಬಾಡಿ ಹಾಕಿಸಿಕೊಂಡು ಒಂದೆರಡು ವಾರಕ್ಕೆ ಜ್ವರ, ಮೈಮೇಲೆ ದದ್ದು, ಕೀಲುನೋವು ಬಂದರೆ ಅದು ಹೊಸ ಕಾಯಿಲೆಯೇ ಆಗಬೇಕೆಂದಿಲ್ಲ, ಆ ಇಂಜೆಕ್ಷನ್ನಿಗೆ ಮೈ ತೋರಿಸಿದ ಪ್ರತಿಕ್ರಿಯೆ ಇರಬಹುದು. ಇಂಥದ್ದಕ್ಕೆ ಡೆಂಗ್ಯೂ, ಚಿಕುನ್‌ಗುನ್ಯಾ ಎಲ್ಲ ಟೆಸ್ಟು ಮಾಡಿ ಸುಸ್ತಾಗುವ ಮೊದಲು, ಯಾವ ಇಂಜೆಕ್ಷನ್, ಯಾವ ತಾರೀಕು, ಎಷ್ಟು ಡೋಸ್ ಅಂತ ಬರೆದ ಚೀಟಿ ತೋರಿಸಿ. ಅದನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಂಡಿರಿ.